ಎರಡನೇ ವರ್ಷಕ್ಕೆ ತೆರೆಯುವ ಬಾಗಿಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ವಿಜಯಪುರದ ಪಾಲಿಟೆಕ್ನಿಕ್‌ಗಳಿಗೆ ತಿಕೋಟಾ, ಬಬಲೇಶ್ವರ ಕಡೆಯ ಪಾಲಕರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಪಿಯು ಸೈನ್ಸ್ ಎಂದರೆ ಟ್ಯೂಷನ್ ಖರ್ಚು, ಇಂಗ್ಲಿಷಿನ ಅಂಜಿಕೆ. ಡಿಪ್ಲೊಮಾ ಆದರೆ ಮೂರು ವರ್ಷಕ್ಕೆ ಕೈಗೊಂದು ಕೆಲಸ. ‘ಹುಡುಗ ಅಷ್ಟೇನ್ ಶ್ಯಾಣ್ಯಾ ಇಲ್ರಿ, ಡಿಪ್ಲೊಮಾ ಹಚ್ಚೀವಿ’ ಎಂಬ ಮಾತು ಈ ಸೀಮೆಯಲ್ಲಿ ಹೊಸದಲ್ಲ. ಆದರೆ ಹದಿನಾರರ ಹುಡುಗನ ಬಗ್ಗೆ ಹೀಗೆ ತೀರ್ಪು ಕೊಟ್ಟುಬಿಡುವುದು ಅನ್ಯಾಯ. ರಾಜ್ಯದ ಹೆಸರಾಂತ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ಒಂದು ದಾರಿ ಇದೇ ಡಿಪ್ಲೊಮಾ ತರಗತಿಯಿಂದ ಶುರುವಾಗುತ್ತದೆ.

ಆ ದಾರಿಯ ಹೆಸರು ಡಿಸಿಇಟಿ. ಡಿಪ್ಲೊಮಾ ಮುಗಿಸಿದವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪ್ರವೇಶ ಪರೀಕ್ಷೆ ಬರೆದು ರ‍್ಯಾಂಕ್ ಪಡೆದವರು ಬಿಇ ಕೋರ್ಸಿನ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ನೇರವಾಗಿ ಸೇರಬಹುದು. ವಿದ್ಯಾರ್ಥಿಗಳು ಇದನ್ನು ‘ಲ್ಯಾಟರಲ್ ಎಂಟ್ರಿ’ ಎನ್ನುತ್ತಾರೆ. ಡಿಪ್ಲೊಮಾದಲ್ಲಿ ಶೇ 45 ಅಂಕ ಇರಬೇಕು, ಮೀಸಲು ವರ್ಗದವರಿಗೆ ಶೇ 40 ಸಾಕು. ಕೊನೆಗೆ ಸಿಗುವ ಬಿಇ ಪದವಿಯಲ್ಲಿ ಪಿಯು ಓದಿ ಬಂದವರು, ಡಿಪ್ಲೊಮಾ ಓದಿ ಬಂದವರು ಎಂಬ ಭೇದವಿಲ್ಲ.

ಅಮೆರಿಕದಲ್ಲೂ ಇಂಥದ್ದೊಂದು ವ್ಯವಸ್ಥೆ ಬಹುಕಾಲದಿಂದ ಇದೆ. ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ರೂಪಿಸಿದ ಉನ್ನತ ಶಿಕ್ಷಣ ಯೋಜನೆಯಲ್ಲೇ, ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದವರು ಮುಂದೆ ಬರ್ಕ್ಲಿಯಂಥ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವ ಅವಕಾಶವಿತ್ತು. 1990ರಲ್ಲಿ ಇಂಥ ಪ್ರವೇಶ ನಿಲ್ಲಿಸಿದ್ದ ಪ್ರಿನ್ಸ್‌ಟನ್ ಕೂಡ 2018ರಲ್ಲಿ ಅದನ್ನು ಮತ್ತೆ ಆರಂಭಿಸಿತು. ಬಡತನದಿಂದಲೋ ಮನೆಯ ಜವಾಬ್ದಾರಿಯಿಂದಲೋ ಹತ್ತಿರದ ಕಾಲೇಜು ಹಿಡಿದವರಿಗೆ ಮತ್ತೊಂದು ಅವಕಾಶ ಸಿಗಬೇಕು ಎಂಬುದು ಎರಡೂ ಕಡೆಯ ಆಶಯ.

ವಿಜಯಪುರದ ಮಕ್ಕಳಿಗೆ ಈ ಅವಕಾಶ ಯಾಕೆ ಹೆಚ್ಚು ಮುಖ್ಯ? ಸಿಂದಗಿ, ಆಲಮೇಲ ದಾಟಿದರೆ ಕಲಬುರಗಿ ಜಿಲ್ಲೆ. ಅಲ್ಲಿನವರಿಗೆ ಸಂವಿಧಾನದ 371(ಜೆ) ಕಲಂ ಪ್ರಕಾರ ತಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು. ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರಕ್ಕೆ ಆ ಸೌಲಭ್ಯವಿಲ್ಲ. ಅದೇ ಬಿಸಿಲು, ಅದೇ ಬರ ಇದ್ದರೂ ಇಲ್ಲಿನ ವಿದ್ಯಾರ್ಥಿ ಬೆಂಗಳೂರಿನ ವಿದ್ಯಾರ್ಥಿಯೊಂದಿಗೆ ನೇರ ಪೈಪೋಟಿಗೆ ಇಳಿಯಬೇಕು. ಹಾಗಾಗಿ ಇರುವ ಸೌಲಭ್ಯ ಒಂದನ್ನೂ ಬಿಡುವಂತಿಲ್ಲ. ಹಳ್ಳಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಮೀಸಲಾತಿ ಇದೆ. ಇವಕ್ಕೆ ಶಾಲೆಯ ಮುಖ್ಯ ಶಿಕ್ಷಕರ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಅವರ ಮೇಲುಸಹಿ ಬೇಕು. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಸರಿಯಾಗಿರಬೇಕು. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಓದಿದವರು ಎರಡೂ ಕಡೆ ಅಲೆಯಬೇಕು. ಕೊನೆಯ ವಾರದಲ್ಲಿ ಓಡಾಡಿದರೆ ಈ ಕಾಗದಪತ್ರ ಸಕಾಲಕ್ಕೆ ಕೈಸೇರುವುದು ಕಷ್ಟ. ರ‍್ಯಾಂಕ್ ಬಂದರೂ ಸೀಟು ತಪ್ಪುವುದು ಹೀಗೆ.

ಇನ್ನೊಂದು ತೊಡಕು ಆಪ್ಷನ್ ಎಂಟ್ರಿ. ಯಾವ ಕಾಲೇಜು, ಯಾವ ಬ್ರ್ಯಾಂಚ್ ಎಂದು ಆದ್ಯತೆಯ ಕ್ರಮದಲ್ಲಿ ವಿದ್ಯಾರ್ಥಿಯೇ ಆನ್‌ಲೈನ್‌ನಲ್ಲಿ ತುಂಬಬೇಕು. ‘ನಮಗ ಬೆಂಗಳೂರು ಎಲ್ಲಿ ಸಿಗ್ತದ’ ಎಂದು ದೊಡ್ಡ ಕಾಲೇಜುಗಳನ್ನು ಪಟ್ಟಿಗೇ ಸೇರಿಸದವರಿಗೆ, ರ‍್ಯಾಂಕ್ ಎಷ್ಟೇ ಚೆನ್ನಾಗಿದ್ದರೂ, ಅವು ಸಿಗುವುದಿಲ್ಲ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಆರಂಭವಾಗಿ ಈಗ ಸ್ವಾಯತ್ತ ವಿಶ್ವವಿದ್ಯಾಲಯವಾಗಿರುವ ಯುವಿಸಿಇ, 1946ರ ಬಿಎಂಎಸ್, 1963ರ ಆರ್‌ವಿ ಕಾಲೇಜುಗಳನ್ನು ಮೊದಲು ಬರೆದು, ವಿಜಯಪುರದ ಕಾಲೇಜುಗಳನ್ನು ಆಮೇಲೆ ಬರೆಯುವುದರಿಂದ ನಷ್ಟವೇನಿಲ್ಲ. ಮೇಲಿನದು ಸಿಗದಿದ್ದರೆ ಕೆಳಗಿನದನ್ನು ಪರಿಗಣಿಸುತ್ತಾರೆ, ಅಷ್ಟೇ.

ಹಾಗೆಂದು ಊರಲ್ಲೇ ಉಳಿಯುವುದು ಸೋಲಲ್ಲ. ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿಎಲ್‌ಡಿಇ ಸಂಸ್ಥೆ, ಅವರದೇ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನು 1980ರಿಂದ ನಡೆಸುತ್ತಿದೆ. ದ್ರಾಕ್ಷಿ ತೋಟದ ಕೆಲಸಕ್ಕೆ ಮನೆಯಲ್ಲಿ ಕೈ ಬೇಕಿದ್ದವರಿಗೆ, ಐನೂರು ಕಿಲೋಮೀಟರ್ ದೂರ ಮಗಳನ್ನು ಕಳಿಸಲು ಅಂಜುವವರಿಗೆ ಅದು ಮರ್ಯಾದೆಯ ಆಯ್ಕೆಯೇ. ಆದರೆ ಆಯ್ದುಕೊಂಡು ಉಳಿಯುವುದು ಬೇರೆ, ಗೊತ್ತಿಲ್ಲದೆ ಉಳಿಯುವುದು ಬೇರೆ.

ಸೀಟು ಸಿಕ್ಕ ಮೇಲೆ ಎದುರಾಗುವ ಮೊದಲ ಗೋಡೆ ಗಣಿತ. ಪಿಯು ಓದಿ ಬಂದವರು ಕ್ಯಾಲ್ಕುಲಸ್‌ನಲ್ಲಿ ಪಳಗಿರುತ್ತಾರೆ, ಡಿಪ್ಲೊಮಾದವರಿಗೆ ಆ ಅಭ್ಯಾಸ ಕಡಿಮೆ. ಅದಕ್ಕೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ತನ್ನ ಪಠ್ಯಕ್ರಮಗಳಲ್ಲಿ ಲ್ಯಾಟರಲ್ ವಿದ್ಯಾರ್ಥಿಗಳಿಗೆಂದೇ ಹೆಚ್ಚುವರಿ ಗಣಿತ ಇಟ್ಟಿತ್ತು. ಲ್ಯಾಬ್, ವರ್ಕ್‌ಶಾಪ್, ಡ್ರಾಯಿಂಗ್ ವಿಷಯ ಬಂದಾಗ ಮಾತ್ರ ಲೆಕ್ಕ ತಿರುಗಾಮುರುಗಾ. ಮೂರು ವರ್ಷ ಲೇಥ್ ಮುಂದೆ ನಿಂತವರಿಗೆ, ಸರ್ಕ್ಯೂಟ್ ಕಟ್ಟಿದವರಿಗೆ ಅಲ್ಲಿ ಅಳುಕಿಲ್ಲ.

ಐಐಟಿಗಳ ಬಿಟೆಕ್‌ಗೆ ಲ್ಯಾಟರಲ್ ಎಂಟ್ರಿ ಇಲ್ಲ ಎಂಬುದು ನಿಜ. ಆದರೆ ಬಿಇ ಮಾಡಿಕೊಂಡು ಗೇಟ್ ಪರೀಕ್ಷೆ ಬರೆದರೆ ಐಐಎಸ್‌ಸಿ, ಧಾರವಾಡದ ಐಐಟಿಯಂಥ ಕಡೆ ಎಂಟೆಕ್‌ಗೆ ಅರ್ಜಿ ಹಾಕಬಹುದು. ಗೇಟ್ ಅಂಕ ಮೂರು ವರ್ಷ ಊರ್ಜಿತ.

ಪಾಲಿಟೆಕ್ನಿಕ್‌ಗಳ ಉಪನ್ಯಾಸಕರು ಡಿಸಿಇಟಿಯ ವಿಷಯವನ್ನು ಆರನೇ ಸೆಮಿಸ್ಟರಿನವರೆಗೆ ಕಾಯದೆ ಮೊದಲ ವರ್ಷದಲ್ಲೇ ಮಕ್ಕಳ ಕಿವಿಗೆ ಹಾಕಬೇಕು. ಡಿಪ್ಲೊಮಾದ ಸಿ-20 ಪಠ್ಯಕ್ರಮದವರಿಗಾಗಿ ಬದಲಾದ ಈ ಪರೀಕ್ಷೆಯಲ್ಲಿ ಎಂಜಿನಿಯರಿಂಗ್ ಗಣಿತ, ಸಂಖ್ಯಾಶಾಸ್ತ್ರ, ಐಟಿ ಕೌಶಲ, ಎಲೆಕ್ಟ್ರಿಕಲ್-ಎಲೆಕ್ಟ್ರಾನಿಕ್ಸ್ ಮೂಲಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬ ಐದು ವಿಷಯ, ಒಟ್ಟು 100 ಅಂಕ. ಹೆಚ್ಚಿನವು ಡಿಪ್ಲೊಮಾದ ಮೊದಲ ವರ್ಷದಲ್ಲಿ ಓದಿದವೇ. ಆದ್ದರಿಂದ ಈಗಷ್ಟೇ ಪಾಲಿಟೆಕ್ನಿಕ್ ಸೇರಿದ ಮಕ್ಕಳಲ್ಲಿ ಒಂದು ವಿನಂತಿ: ಮೊದಲ ವರ್ಷ ಮುಗಿಯಿತೆಂದು ಆ ಪುಸ್ತಕಗಳನ್ನು ಮಾರಬೇಡಿ.