ಸೇತುವೆ ಬರೀ ಸೇತುವೆಯಲ್ಲ
ಪಿರಜೀನ್ ಒಂದು ಪುಟ್ಟ ಉಂಗುರ. ಅದರ ಎದುರುಬದುರು ಮೂಲೆಗಳಲ್ಲಿ ಒಂದೊಂದು ನೈಟ್ರೋಜನ್. ಒಂದೊಂದೂ ಒಂದು ರುಥೇನಿಯಂ ಪರಮಾಣುವನ್ನು ಹಿಡಿದಿದೆ. ಪ್ರತಿ ರುಥೇನಿಯಂ ಸುತ್ತ ಐದೈದು ಅಮೋನಿಯಾ. 1969ರಲ್ಲಿ ಕ್ಯಾರಲ್ ಕ್ರೂಟ್ಸ್ ಮತ್ತು ಹೆನ್ರಿ ಟೌಬ್ ವರದಿ ಮಾಡಿದ ಈ ಅಯಾನಿನ ಒಟ್ಟು ಆವೇಶ +5. ಹಾಗಾದರೆ ಯಾವ ಲೋಹಕ್ಕೆ +2, ಯಾವುದಕ್ಕೆ +3? ಎರಡಕ್ಕೂ ಎರಡೂವರೆ ಎಂಬ ಉತ್ತರವೇ ನನಗೆ ಸರಿಯೆನಿಸುತ್ತದೆ. ಎಲೆಕ್ಟ್ರಾನಿನ ಈ ಹಂಚಿಕೆ ಮಾಡಿಸುವುದು ಸೇತುವೆಯಾದ ನಡುವಿನ ಉಂಗುರ. ಸಾಕ್ಷಿ ಬೆಳಕಿನಲ್ಲಿದೆ: ಅಯಾನು 1,570 ನ್ಯಾನೋಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ. ಆ ಹೀರಿಕೆಯ ಪಟ್ಟಿ ಕಿರಿದು, ದ್ರಾವಕ ಬದಲಿಸಿದರೂ ಹೆಚ್ಚು ಜರುಗುವುದಿಲ್ಲ. ಎಲೆಕ್ಟ್ರಾನ್ ಒಂದೇ ಲೋಹದ ಮೇಲೆ ನೆಲೆಸಿ ಆಚೆಗೆ ಜಿಗಿಯುವಂತಿದ್ದರೆ, ಸುತ್ತಲಿನ ದ್ರಾವಕದ ಅಣುಗಳೂ ಮರುಹೊಂದಿಕೊಳ್ಳಬೇಕಿತ್ತು. ಪಟ್ಟಿ ಅಗಲವಾಗಿ, ದ್ರಾವಕಕ್ಕೆ ತಕ್ಕಂತೆ ಜರುಗುತ್ತಿತ್ತು.

ಲೋಹಗಳ ನಡುವೆ ಇರುವುದೇ ಸುಮಾರು 7 ಆಂಗ್‌ಸ್ಟ್ರಾಂ, ಹತ್ತಿರವಿದ್ದರೆ ಹಂಚಿಕೊಳ್ಳುವುದರಲ್ಲಿ ಏನು ವಿಶೇಷ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ, ದೂರಕ್ಕೂ ಖಂಡಿತ ಪಾತ್ರವಿದೆ. ಆದರೆ ಇದೇ ಲೋಹಗಳನ್ನು ಎರಡು ಪಿರಿಡಿನ್ ಉಂಗುರಗಳಿಂದ ಜೋಡಿಸಿ, ಉಂಗುರಗಳ ನಡುವೆ ಒಂದು ಮೀಥೈಲೀನ್ (CH₂) ಇಟ್ಟರೆ ಪಟ್ಟಿ ತೀರಾ ಮಂಕಾಗುತ್ತದೆ, ಅಂದರೆ ಲೋಹಗಳ ನಡುವಿನ ನಂಟು ಸಡಿಲವಾಗುತ್ತದೆ. ಅಲ್ಲೇ ದ್ವಿಬಂಧವಿರುವ ಎರಡು ಕಾರ್ಬನ್ ಇಡಿ: ದೂರ ಹೆಚ್ಚಾಗುತ್ತದೆ, ಪಟ್ಟಿಯೂ ಹಲವು ಪಟ್ಟು ಗಾಢವಾಗುತ್ತದೆ! ದೂರವೊಂದೇ ಕಾರಣವಾಗಿದ್ದರೆ ಫಲಿತಾಂಶ ತಿರುವುಮುರುವಾಗಬೇಕಿತ್ತು. ಮೀಥೈಲೀನ್ ಎಲೆಕ್ಟ್ರಾನ್ ಹರಡಿಕೊಳ್ಳಬಲ್ಲ ಪೈ ಕಕ್ಷಕಗಳ ಸಾಲನ್ನು ಕಡಿಯುತ್ತದೆ, ದ್ವಿಬಂಧ ಅದನ್ನು ಮುಂದುವರಿಸುತ್ತದೆ. ಪಿರಜೀನ್‌ನಲ್ಲಂತೂ ಆ ಸಾಲು ನೈಟ್ರೋಜನ್‌ನಿಂದ ನೈಟ್ರೋಜನ್‌ಗೆ ಒಂದೇ ಉಂಗುರದೊಳಗೆ ಹಬ್ಬಿದೆ. ರುಥೇನಿಯಂನ ಎಲೆಕ್ಟ್ರಾನ್‌ಗಳು ಉಂಗುರದ ಖಾಲಿ ಪೈ ಕಕ್ಷಕದೊಂದಿಗೆ ಎರಡೂ ಬದಿಯಿಂದ ಬೆರೆಯುತ್ತವೆ.