ಹಿಮಜಾರಾಟದ ಯಾತ್ರೆಗೆ ಮುನ್ನ
(ಬಾನುಲಿ ಭಾಷಣ)

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಳೆಯ ಗಾದೆ. ಕಲ್ಲುಬೆಟ್ಟವಾದರೆ ಹತ್ತಿರ ಹೋದ ಕೂಡಲೇ ತನ್ನ ಒರಟುತನವನ್ನು ತೋರಿಸಿಬಿಡುತ್ತದೆ. ಹಿಮದ ಬೆಟ್ಟದ ಸ್ವಭಾವ ಹಾಗಲ್ಲ. ಅದು ಹತ್ತಿರದಿಂದಲೂ ನುಣ್ಣಗೆ ಕಾಣುತ್ತದೆ, ಕಾಲಿಟ್ಟ ಮೇಲೂ ನುಣ್ಣಗೇ ಇರುತ್ತದೆ. ಅದರ ಒರಟುತನವೆಲ್ಲ ಒಳಗೆ, ಪದರ ಪದರಗಳ ನಡುವೆ ಅಡಗಿರುತ್ತದೆ. ಈ ನುಣುಪಿನ ಮೇಲೆ ಜಾರುವುದನ್ನೇ ಬಾಳಿನ ಒಂದು ದೊಡ್ಡ ಸಂತೋಷವೆಂದು ತಿಳಿದ ಜನ ಹಿಮನಾಡುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರ ಪೈಕಿ ನಿಜವಾದ ವ್ಯಸನಿಗಳಾದವರು ಮುಂದಿನ ಚಳಿಗಾಲದ ಯಾತ್ರೆಯನ್ನು ಬೇಸಗೆಯಲ್ಲೇ ನಕ್ಷೆ ಹರಡಿಕೊಂಡು ಯೋಚಿಸತೊಡಗುತ್ತಾರೆ. ಆ ಯೋಚನೆ ಎಂತಹುದು, ಅದರಲ್ಲಿ ಏನೇನು ಅಡಕವಾಗಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಸ್ಕೀ ಎಂಬ ಶಬ್ದದ ಮೂಲ ಹಳೆಯ ನಾರ್ಸ್ ಭಾಷೆಯದು. ಸೀಳಿದ ಮರದ ತುಂಡು ಎಂದು ಅದರ ಅರ್ಥ. ಉತ್ತರ ಯುರೋಪಿನ ಜನರಿಗೆ ಅದು ಆಟಿಕೆಯಾಗಿರಲಿಲ್ಲ, ಹಿಮದಲ್ಲಿ ಹೂತುಹೋಗದೆ ನಡೆಯುವ ಉಪಾಯವಾಗಿತ್ತು. ಆಟವಾದದ್ದು ಈಚಿನ ಮಾತು. ಇಂದು ಈ ಆಟ ಬಹುಮಟ್ಟಿಗೆ ವಿಹಾರಧಾಮಗಳಲ್ಲಿ ನಡೆಯುತ್ತದೆ. ಅಲ್ಲಿ ತಂತಿಯ ಮೇಲೆ ತೂಗುವ ಕುರ್ಚಿ ಜನರನ್ನು ಮೇಲಕ್ಕೆ ಒಯ್ಯುತ್ತದೆ. ಯಂತ್ರಗಳು ಹಿಮವನ್ನು ಸಮ ಮಾಡಿಡುತ್ತವೆ. ಅಪಾಯದ ಇಳಿಜಾರುಗಳಲ್ಲಿ ಕಾವಲಿನವರು ಮುಂಚಿತವಾಗಿ ಸ್ಫೋಟಕಗಳಿಂದ ಹಿಮವನ್ನು ಕೆಡವಿರುತ್ತಾರೆ. ಈ ಬೇಲಿಯ ಹೊರಗೆ ಇರುವುದು ಕಾಡುಬೆಟ್ಟ. ಅಲ್ಲಿ ಯಾರೂ ಏನನ್ನೂ ಸಿದ್ಧಮಾಡಿರುವುದಿಲ್ಲ.

ಈ ಕಾಡುಬೆಟ್ಟವನ್ನು ಏರಲು ಎರಡು ದಾರಿಗಳಿವೆ. ಒಂದು, ಸ್ವಂತ ಕಾಲಿನದು. ಸ್ಕೀಯ ತಳಕ್ಕೆ ರೋಮವಿರುವ ಪಟ್ಟಿಯೊಂದನ್ನು ಅಂಟಿಸುತ್ತಾರೆ. ರೋಮ ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ತಳ್ಳಿದರೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ. ಹಿಂದೆ ಇದು ಸೀಲ್ ಪ್ರಾಣಿಯ ತೊಗಲಾಗಿತ್ತು, ಈಗ ಮೇಕೆಯ ಮೊಹೇರ್ ಅಥವಾ ನೈಲಾನ್. ಇಂಥ ಪಟ್ಟಿ ಕಟ್ಟಿ ಮೂರು ನಾಲ್ಕು ತಾಸು ಹತ್ತಿ, ತುದಿಯಲ್ಲಿ ಅದನ್ನು ಕಿತ್ತು ಚೀಲಕ್ಕೆ ಸೇರಿಸಿ, ಕೆಲವೇ ನಿಮಿಷಗಳಲ್ಲಿ ಇಳಿದುಬಿಡುವುದು ಈ ಮಾರ್ಗ. ಎರಡನೆಯದು ಹೆಲಿಕಾಪ್ಟರಿನದು. ಆಸ್ಟ್ರಿಯದಲ್ಲಿ ೧೯೩೨ರಲ್ಲಿ ಹುಟ್ಟಿ ೧೯೫೧ರಲ್ಲಿ ಕೆನಡಾಕ್ಕೆ ವಲಸೆ ಬಂದ ಹ್ಯಾನ್ಸ್ ಗ್ಮೋಸರ್ ಎಂಬ ಪರ್ವತ ಮಾರ್ಗದರ್ಶಿ ಇದನ್ನು ಒಂದು ವೃತ್ತಿಯಾಗಿ ಬೆಳೆಸಿದವನು. ೧೯೬೫ರ ವಸಂತದಲ್ಲಿ ಬ್ರಿಟಿಷ್ ಕೊಲಂಬಿಯದ ಬುಗಾಬೂ ಪರ್ವತಗಳಲ್ಲಿ, ಒಮ್ಮೆಗೆ ಇಬ್ಬರು ಪ್ರಯಾಣಿಕರನ್ನು ಮಾತ್ರ ಹೊರಬಲ್ಲ ಪುಟ್ಟ ಹೆಲಿಕಾಪ್ಟರಿನಿಂದ ಈ ಕೆಲಸ ಆರಂಭವಾಯಿತು. ೧೯೬೮ರಲ್ಲಿ ಅಲ್ಲಿ ಒಂದು ವಸತಿಗೃಹವೂ ಎದ್ದಿತು. ಒಂದು ದಿನದಲ್ಲಿ ಒಮ್ಮೆ ಇಳಿಯುವುದೇ ಭಾಗ್ಯವೆಂದಿದ್ದ ಜಾಗದಲ್ಲಿ ಹತ್ತು ಸಲ ಇಳಿಯುವುದು ಸಾಧ್ಯವಾಯಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಕಾಲಿನಿಂದ ಹತ್ತುವವನು ಹತ್ತುವಾಗಲೇ ಹಿಮವನ್ನು ಮುಟ್ಟಿ, ತಟ್ಟಿ, ಅದರ ಸ್ವಭಾವವನ್ನು ಅರಿಯುತ್ತಾನೆ. ಆಕಾಶದಿಂದ ಇಳಿಯುವವನಿಗೆ ಆ ಪರಿಚಯದ ಅವಕಾಶವಿಲ್ಲ. ಆತ ಅದನ್ನು ಮಾರ್ಗದರ್ಶಿಯ ಕಣ್ಣಿನಿಂದ ಎರವಲು ಪಡೆಯಬೇಕು.

ಯಾತ್ರೆಯ ಮೊದಲ ಪ್ರಶ್ನೆ, ಎಲ್ಲಿಗೆ ಮತ್ತು ಯಾವಾಗ ಎಂಬುದು. ಹಿಮವೆಲ್ಲ ಒಂದೇ ಅಲ್ಲ. ಸಮುದ್ರದ ಸಮೀಪದ ಬೆಟ್ಟಗಳಲ್ಲಿ ಅದು ಹೇರಳವಾಗಿ, ತೇವವಾಗಿ ಬಿದ್ದು ಬೇಗ ಗಟ್ಟಿಯಾಗುತ್ತದೆ. ಖಂಡದ ಒಳನಾಡಿನ ರಾಕಿ ಪರ್ವತಗಳಲ್ಲಿ ಕಡಿಮೆ ಬೀಳುತ್ತದೆ, ಹಿಟ್ಟಿನಂತೆ ಹಗುರವಾಗಿರುತ್ತದೆ, ಆದರೆ ಕಡುಚಳಿಯಿಂದ ಅದರ ತಳಪಾಯ ಸಕ್ಕರೆಯ ಹರಳಿನಂತೆ ಸಡಿಲವಾಗುತ್ತದೆ. ಬುಗಾಬೂ ಸೇರಿದ ಕೊಲಂಬಿಯ ಪರ್ವತಶ್ರೇಣಿ ಇವೆರಡರ ನಡುವಿನದು. ಕಾಲದ ಲೆಕ್ಕವೂ ಹೀಗೆಯೇ. ಜನವರಿಯಲ್ಲಿ ಹಿಮ ಆಳವಾಗಿರುತ್ತದೆ, ಹಗಲು ಕಿರಿದಾಗಿರುತ್ತದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹಗಲು ಹಿರಿದು, ಎತ್ತರದ ಹಿಮನದಿಗಳು ಎಟುಕುತ್ತವೆ. ಆದರೆ ಮಧ್ಯಾಹ್ನದ ಬಿಸಿಲಿಗೆ ದಕ್ಷಿಣದ ಇಳಿಜಾರುಗಳು ಕರಗಿ ಕುಸಿಯತೊಡಗುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಚಾರ ಮರಗಳದ್ದು. ಮೋಡ ಕವಿದಾಗ ಬಿಳಿಯ ನೆಲ, ಬಿಳಿಯ ಆಕಾಶ ಎರಡೂ ಒಂದಾಗಿ, ಉಬ್ಬುತಗ್ಗು ಯಾವುದೂ ತಿಳಿಯದು. ವಿಮಾನ ಚಾಲಕನಿಗೆ ನೆಲ ಎಷ್ಟು ದೂರವಿದೆ ಎಂಬುದೇ ಗೊತ್ತಾಗದು. ಕಣ್ಣಿಗೆ ಆಧಾರವಾಗಿ ಕಪ್ಪು ಮರಗಳಿದ್ದರೆ ಅಷ್ಟಿಷ್ಟು ಹಾರಬಹುದು, ಜಾರಬಹುದು. ಬ್ರಿಟಿಷ್ ಕೊಲಂಬಿಯದ ಕಾಡುಗಳಲ್ಲಿ ಈ ಅನುಕೂಲ ಉಂಟು. ಅಲಾಸ್ಕದ ವಾಲ್ಡೀಜ್ ಸುತ್ತಿನ ಚುಗಾಚ್ ಪರ್ವತಗಳು ಬಹುಪಾಲು ಬೋಳು. ಅಲ್ಲಿ ಹವೆ ಕೆಟ್ಟರೆ ದಿನಗಟ್ಟಲೆ ಕಿಟಕಿಯ ಬಳಿ ಕುಳಿತಿರಬೇಕು. ಆದ್ದರಿಂದ ಬಲ್ಲವರು ಅಲಾಸ್ಕಕ್ಕೆ ಹೋಗುವಾಗ ಜಾರುವ ದಿನಗಳ ಜೊತೆಗೆ ಕಾಯುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾಯುವ ದಿನಕ್ಕೆ ಅವಕಾಶವಿಡದವನು ಕೊನೆಯ ದಿನ ಹೇಗಾದರೂ ಹೋಗಿಯೇ ತೀರಬೇಕೆಂಬ ಹಟಕ್ಕೆ ಬೀಳುತ್ತಾನೆ. ಅಪಾಯ ಹುಟ್ಟುವುದು ಅಲ್ಲಿಯೇ.

ಈಗ ಹಿಮದ ಒಳಗನ್ನು ನೋಡೋಣ. ಒಂದು ಚಳಿಗಾಲದ ಹಿಮರಾಶಿ ಆ ಚಳಿಗಾಲದ ದಿನಚರಿಯಿದ್ದಂತೆ. ಪ್ರತಿಯೊಂದು ಮಳೆ, ಗಾಳಿ, ಬಿಸಿಲು, ತಿಳಿರಾತ್ರಿ ತನ್ನ ಪದರವನ್ನು ಅದರಲ್ಲಿ ಬರೆದಿಟ್ಟಿರುತ್ತದೆ. ನಮ್ಮಲ್ಲಿ ತಿಳಿಯಾದ ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಕೂಡುವಂತೆ, ಅಲ್ಲಿ ಹಿಮದ ಮೇಲೆ ಗರಿಯಂಥ ಹರಳುಗಳು ಅರಳುತ್ತವೆ. ಬೆಳಗಿನ ಬೆಳಕಿನಲ್ಲಿ ಅವು ವಜ್ರದಂತೆ ಮಿನುಗುತ್ತವೆ. ಇಷ್ಟು ಸುಂದರವಾದ ವಸ್ತುವೇ ಮುಂದೆ ಮೃತ್ಯುವಿಗೆ ಮೆಟ್ಟಿಲಾಗುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಯಿಂದ ಬಿಗಿದು, ಕಲ್ಲುಚಪ್ಪಡಿಯಂತಾದಾಗ, ಚಪ್ಪಡಿಗೂ ಕೆಳಗಿನ ಹಿಮಕ್ಕೂ ನಡುವೆ ಉಳಿಯುವುದು ಆ ಗರಿಗಳ ದುರ್ಬಲ ಪದರ ಮಾತ್ರ. ಅದು ವಾರಗಟ್ಟಲೆ ಹಾಗೆಯೇ ಕಾದಿರಬಲ್ಲುದು. ಒಬ್ಬ ಮನುಷ್ಯನ ಭಾರ ತಕ್ಕ ಜಾಗದಲ್ಲಿ ಬಿದ್ದರೆ ಸಾಕು, ಇಡೀ ಇಳಿಜಾರು ಬಿರಿದು ಹೊರಡುತ್ತದೆ. ಇದೇ ಹಿಮಕುಸಿತ. ಹೆಚ್ಚಾಗಿ ಇದು ೩೦ರಿಂದ ೪೫ ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ ಆಗುತ್ತದೆ. ಅದಕ್ಕಿಂತ ಚಪ್ಪಟೆಯಾದಲ್ಲಿ ಹಿಮ ನಿಂತಿರುತ್ತದೆ. ಅದಕ್ಕಿಂತ ಕಡಿದಾದಲ್ಲಿ ಆಗಾಗ ಉದುರಿಹೋಗಿ ಕೂಡಿಕೊಳ್ಳುವುದೇ ಇಲ್ಲ. ಜಾರುವವನಿಗೆ ಅತ್ಯಂತ ಪ್ರಿಯವಾದ ಓರೆಯೂ ಇದೇ ಆಗಿರುವುದು ಈ ಆಟದ ವಿಪರ್ಯಾಸ. ಪ್ರಾಣಹಾನಿಯಾದ ಸಂದರ್ಭಗಳಲ್ಲಿ ಬಹುಪಾಲು ಕುಸಿತಗಳನ್ನು ಕೆಡವಿದ್ದು ಸಿಕ್ಕಿಬಿದ್ದವನೇ ಅಥವಾ ಅವನ ಸಂಗಡಿಗನೇ.

ಈ ಕಾರಣದಿಂದಲೇ ಹಿಮನಾಡುಗಳಲ್ಲಿ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆಗಳು ಹೊರಡುತ್ತವೆ. ಅಪಾಯವನ್ನು ಐದು ಮೆಟ್ಟಿಲುಗಳಲ್ಲಿ ಹೇಳುತ್ತಾರೆ. ಐದನೆಯದರಲ್ಲಿ ಎಲ್ಲರೂ ಮನೆಯಲ್ಲೇ ಉಳಿಯುತ್ತಾರೆ. ಹೆಚ್ಚು ಜನ ಸಾಯುವುದು ಮೂರನೆಯ ಮೆಟ್ಟಿಲಲ್ಲಿ. ನಡುವಿನ ಅಂಕೆ ಮನಸ್ಸಿಗೆ ಸಮಾಧಾನ ಕೊಡುತ್ತದೆಯಲ್ಲವೇ! ಯೋಜನೆ ಮಾಡುವವನು ಈ ಮುನ್ಸೂಚನೆಯನ್ನು ಹೊರಡುವ ದಿನ ಓದಿದರೆ ಸಾಲದು. ವಾರಗಳ ಮೊದಲಿನಿಂದ, ಒಂದು ಧಾರಾವಾಹಿಯನ್ನು ಓದುವಂತೆ ತಪ್ಪದೆ ಓದುತ್ತ ಬರಬೇಕು. ನಡುವೆ ಒಂದು ಕಂತು ತಪ್ಪಿದರೆ ಕಥೆಯೇ ಅರ್ಥವಾಗದು.

ಇನ್ನು ಸಾಮಗ್ರಿ. ಮೂರು ವಸ್ತುಗಳು ಪ್ರತಿಯೊಬ್ಬನ ಬಳಿಯೂ ಇರಲೇಬೇಕು. ಮೈಗೆ ಕಟ್ಟಿಕೊಳ್ಳುವ ಟ್ರಾನ್ಸೀವರ್, ಹಿಮದಲ್ಲಿ ಚುಚ್ಚಿ ನೋಡುವ ಶೋಧದ ಕೋಲು, ಮತ್ತು ಸಲಿಕೆ. ಟ್ರಾನ್ಸೀವರ್ ಸದಾ ೪೫೭ ಕಿಲೋಹರ್ಟ್ಸ್ ಆವರ್ತನದಲ್ಲಿ ಮಿಡಿಯುತ್ತಿರುತ್ತದೆ. ಒಬ್ಬ ಹೂತುಹೋದರೆ ಉಳಿದವರು ತಮ್ಮ ಯಂತ್ರವನ್ನು ಶೋಧಕ್ಕೆ ತಿರುಗಿಸಿ ಆ ಮಿಡಿತವನ್ನು ಹಿಂಬಾಲಿಸುತ್ತಾರೆ. ಇದೆಲ್ಲವೂ ಎಷ್ಟು ಬೇಗ ಆಗಬೇಕು? ೧೯೯೪ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು, ೧೫ ನಿಮಿಷಗಳೊಳಗೆ ಹೊರತೆಗೆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕುತ್ತಾರೆ, ೩೫ ನಿಮಿಷಗಳಾದರೆ ಮೂವತ್ತರಷ್ಟು ಮಂದಿ ಮಾತ್ರ ಎಂದು ತೋರಿಸಿತು. ೨೦೨೪ರ ಅಧ್ಯಯನ ಆ ಹದಿನೈದು ನಿಮಿಷವನ್ನು ಹತ್ತಕ್ಕೆ ಇಳಿಸಿದೆ. ಹತ್ತು ನಿಮಿಷದಲ್ಲಿ ಯಾವ ಊರಿನಿಂದಲೂ ನೆರವು ಬರಲಾರದು. ಪಕ್ಕದಲ್ಲಿರುವ ಗೆಳೆಯನೇ ರಕ್ಷಕ. ಆದ್ದರಿಂದ ಯಾರೊಡನೆ ಹೋಗಬೇಕು ಎಂಬ ಪ್ರಶ್ನೆ ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ದೊಡ್ಡದು. ಅಭ್ಯಾಸವಿಲ್ಲದವನ ಕೈಯಲ್ಲಿ ಒಳ್ಳೆಯ ಯಂತ್ರವಿದ್ದರೂ ಅದು ಇದ್ದೂ ಇಲ್ಲದಂತೆ.

ಹಿಮದಡಿ ಸಿಕ್ಕವನ ಸ್ಥಿತಿ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್‌ನ ಕಾವಲು ಠಾಣ್ಯದ ಮೇಲೆ ಹಿಮರಾಶಿ ಕುಸಿದಾಗ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಅನಂತರ ಜೀವಂತವಾಗಿ ಸಿಕ್ಕರು. ಇಡೀ ನಾಡು ಅವರಿಗಾಗಿ ಪ್ರಾರ್ಥಿಸಿತು; ಫೆಬ್ರವರಿ ೧೧ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಜೊತೆಯ ಒಂಬತ್ತು ಯೋಧರು ಬದುಕಲಿಲ್ಲ. ಅವರೆಲ್ಲ ಕರ್ತವ್ಯದ ಕರೆಯಿಂದ ಅಲ್ಲಿದ್ದವರು. ಸಂತೋಷಕ್ಕಾಗಿ ಹಿಮಕ್ಕೆ ಹೋಗುವವನ ಮೇಲೆ, ತಾನು ಮರಳಿ ಬರುವ ಹೊಣೆ ಇದರಿಂದ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾದರೆ ಅನುಭವಿಗಳಾದ ಮಾರ್ಗದರ್ಶಿಗಳ ಜೊತೆ ಹೋದರೆ ಭಯವಿಲ್ಲವೇ? ೧೯೯೧ರ ಮಾರ್ಚಿಯಲ್ಲಿ ಬುಗಾಬೂ ಪರ್ವತಗಳಲ್ಲೇ ಹೆಲಿಕಾಪ್ಟರಿನಲ್ಲಿ ಹೋದ ತಂಡವೊಂದರ ಒಂಬತ್ತು ಮಂದಿ ಹಿಮಕುಸಿತದಲ್ಲಿ ಮಡಿದರು. ೨೦೦೩ರ ಜನವರಿ ೨೦ರಂದು ಸೆಲ್ಕರ್ಕ್ ಪರ್ವತಗಳಲ್ಲಿ ಮಾರ್ಗದರ್ಶಿಗಳೊಡನೆ ಕಾಲ್ನಡಿಗೆಯಲ್ಲಿ ಏರುತ್ತಿದ್ದ ತಂಡದ ಏಳು ಮಂದಿ ಸತ್ತರು; ಹಿಮಹಲಗೆಯ ಜಾರಾಟದಲ್ಲಿ ನಾಲ್ಕು ಬಾರಿ ವಿಶ್ವವಿಜೇತನಾದ ಕ್ರೇಗ್ ಕೆಲಿ ಅವರಲ್ಲಿ ಒಬ್ಬ. ಇದಾಗಿ ಎರಡು ವಾರ ಕಳೆಯುವ ಮೊದಲೇ, ಫೆಬ್ರವರಿ ೧ರಂದು, ರೋಜರ್ಸ್ ಕಣಿವೆಮಾರ್ಗದ ಬಳಿ ಒಂದು ಶಾಲೆಯ ಏಳು ಮಕ್ಕಳು ಹಿಮಕ್ಕೆ ಬಲಿಯಾದರು. ಕೆನಡಾ ದೇಶ ತತ್ತರಿಸಿತು. ಆ ದುಃಖದಿಂದ ಎರಡು ಒಳ್ಳೆಯ ಕೆಲಸಗಳು ಹುಟ್ಟಿದವು. ದೇಶಕ್ಕೆಲ್ಲ ಒಂದು ಹಿಮಕುಸಿತ ಕೇಂದ್ರ ೨೦೦೪ರಲ್ಲಿ ರೂಪುಗೊಂಡಿತು. ಹಾಗೆಯೇ ಬೆಟ್ಟದ ಹಾದಿಗಳನ್ನು ಸರಳ, ಕಠಿನ, ಜಟಿಲ ಎಂದು ಮೂರು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಬಂದಿತು. ಹಿಮ ದಿನಕ್ಕೊಂದು ಬಗೆಯಾಗಿ ಬದಲಾಗುತ್ತದೆ, ನೆಲದ ಓರೆ ಬದಲಾಗುವುದಿಲ್ಲ. ಆದ್ದರಿಂದ ಯೋಜನೆ ನಿಲ್ಲಬೇಕಾದದ್ದು ನೆಲದ ಮೇಲೆ. ಹಿಮದ ಬಗ್ಗೆ ಸಂದೇಹವಿದ್ದಷ್ಟೂ ನೆಲವನ್ನು ಸರಳವಾಗಿ ಆರಿಸಿಕೊಳ್ಳಬೇಕೆಂಬುದು ಈ ಪದ್ಧತಿಯ ಸಾರ.

ಅಮೆರಿಕದ ಇಯಾನ್ ಮೆಕ್ಯಾಮನ್ ಎಂಬ ವಿದ್ವಾಂಸ ನೂರಾರು ಅಪಘಾತಗಳನ್ನು ಪರಿಶೀಲಿಸಿ, ಹಿಮದ ಜ್ಞಾನವಿದ್ದವರೂ ಏಕೆ ಬೀಳುತ್ತಾರೆಂದು ವಿವೇಚಿಸಿದ್ದಾನೆ. ಅವನು ಕಂಡ ಕಾರಣಗಳು ಹಿಮಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಸೇರಿದವು. ಪರಿಚಿತ ಜಾಗವೆಂಬ ಸಲಿಗೆ. ಇಷ್ಟು ದೂರ ಬಂದೆವಲ್ಲ ಎಂಬ ಹಟ. ಇತರರ ಮೆಚ್ಚುಗೆಯ ಆಸೆ. ತಂಡದ ನಾಯಕ ಬಲ್ಲವನೆಂಬ ನೆಮ್ಮದಿ. ಹೊಸ ಹಿಮ ಬೇರೆಯವರ ಪಾಲಾದೀತೆಂಬ ಆತುರ. ಇನ್ನೊಬ್ಬರು ಹೋದ ಗುರುತಿದೆ, ನಮಗೇನು ಎಂಬ ಧೈರ್ಯ. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಹಿಂಡೆಲ್ಲ ಬೀಳುವ ನಮ್ಮ ಊರಿನ ಕಥೆ ಹಿಮನಾಡಿನಲ್ಲೂ ಸುಳ್ಳಾಗಿಲ್ಲ. ಹೆಲಿಕಾಪ್ಟರಿಗೆ ತೆತ್ತ ದೊಡ್ಡ ಮೊತ್ತ ಈ ಆತುರಕ್ಕೆ ತುಪ್ಪ ಸುರಿಯುತ್ತದೆ. ಆದ್ದರಿಂದ ಒಳ್ಳೆಯ ತಂಡಗಳು ಕೆಲವು ನಿಯಮಗಳನ್ನು ಮನೆಯಲ್ಲಿ, ತಣ್ಣನೆಯ ತಲೆಯಲ್ಲಿ, ಮೊದಲೇ ಬರೆದಿಟ್ಟುಕೊಳ್ಳುತ್ತವೆ. ಇಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗಬೇಕು. ಅಪಾಯದ ಇಳಿಜಾರಿನಲ್ಲಿ ಒಬ್ಬೊಬ್ಬರೇ ಇಳಿಯಬೇಕು. ತಂಡದ ಅತಿ ಕಿರಿಯನೂ ಬೇಡವೆಂದರೆ ಅದು ಬೇಡ. ಅವನು ಕಾರಣ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈ ಸಂತೋಷದ ಬೆಲೆಯನ್ನು ಯಾರು ತೆರುತ್ತಾರೆ? ಬ್ರಿಟಿಷ್ ಕೊಲಂಬಿಯದ ಪರ್ವತದ ಕ್ಯಾರಿಬೂ ಜಿಂಕೆಗಳು ಚಳಿಗಾಲದಲ್ಲಿ ಆಳವಾದ ಹಿಮದ ಮೇಲೆ ನಿಂತು, ಮರಗಳಲ್ಲಿ ಜೋಲುವ ಕಲ್ಲುಹೂವನ್ನು ತಿಂದು ಬದುಕುತ್ತವೆ. ಹೆಲಿಕಾಪ್ಟರಿನ ಸದ್ದಿಗೆ ಬೆದರಿ ಓಡಿದರೆ ಅಲ್ಪಾಹಾರದಿಂದ ಉಳಿಸಿಕೊಂಡ ಶಕ್ತಿ ವ್ಯರ್ಥವಾಗುತ್ತದೆ. ಫ್ರಾನ್ಸ್ ದೇಶ ೧೯೮೫ರ ಪರ್ವತ ಕಾನೂನಿನಲ್ಲಿ ವಿನೋದಕ್ಕಾಗಿ ಬೆಟ್ಟದ ಮೇಲೆ ಹೆಲಿಕಾಪ್ಟರ್ ಇಳಿಸುವುದನ್ನು ನಿಷೇಧಿಸಿತು; ಸ್ವಿಟ್ಜರ್ಲೆಂಡ್ ಗೊತ್ತಾದ ಕೆಲವು ತಾಣಗಳಲ್ಲಿ ಮಾತ್ರ ಒಪ್ಪುತ್ತದೆ. ಸುಡುವ ಇಂಧನ ಕಾಯಿಸುವ ಗಾಳಿಯಲ್ಲೇ ಹಿಮನದಿಗಳು ಕರಗುತ್ತಿವೆ. ಹಿಮವನ್ನು ಪ್ರೀತಿಸುವವನೇ ಹಿಮವನ್ನು ಸವೆಸುವುದು ಲಘುವಾಗಿ ಬಿಡುವ ವಿಷಯವಲ್ಲ. ಯಾತ್ರೆಯ ಯೋಜನೆಯಲ್ಲಿ ಎಷ್ಟು ಹಾರಬೇಕು, ಎಷ್ಟು ಹತ್ತಬೇಕು ಎಂಬ ಲೆಕ್ಕಕ್ಕೂ ಒಂದು ಸಾಲು ಇರಬೇಕಾದ ಕಾಲ ಬಂದಿದೆ.

ಈ ಆಟ ಈಗ ನಮ್ಮ ದೇಶಕ್ಕೂ ದೂರವಲ್ಲ. ಗುಲ್ಮಾರ್ಗ್‌ನಲ್ಲಿ ೨೦೦೫ರಿಂದ ತಂತಿತೊಟ್ಟಿಲು ಜನರನ್ನು ಅಫರ್ವಾಟ್ ಬೆಟ್ಟದ ಭುಜದವರೆಗೆ ಒಯ್ಯುತ್ತಿದೆ. ಅಲ್ಲಿಂದ ಕೆಲವು ಹೆಜ್ಜೆ ಸರಿದರೆ ಬೇಲಿಯಿಲ್ಲದ ಕಾಡುಬೆಟ್ಟ. ಹಿಮಾಲಯದ ಹಾದಿಗಳಲ್ಲಿ ಕನ್ನಡದ ಮಾತು ಇಂದು ಸಾಮಾನ್ಯವಾಗಿ ಕೇಳಿಬರುತ್ತದೆ. ೨೦೨೪ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಮಂದಿ ಚಾರಣಿಗರು ಮರಳಿ ಬರಲಿಲ್ಲ. ಅವರು ಜಾರಲು ಹೋದವರಲ್ಲ, ನಡೆಯಲು ಹೋದವರು. ಆದರೆ ಹಿಮಕ್ಕೆ ಈ ಭೇದ ತಿಳಿಯದು.

ಬೆಟ್ಟಕ್ಕೆ ಹೋಗಬಾರದೆಂದು ಈ ಮಾತುಗಳ ತಾತ್ಪರ್ಯವಲ್ಲ. ಮೊದಲ ಬೆಳಕು ಬಿದ್ದ, ಯಾರೂ ತುಳಿಯದ ಇಳಿಜಾರಿನಲ್ಲಿ ಸದ್ದಿಲ್ಲದೆ ತೇಲಿ ಇಳಿದವರ ಮುಖದ ಹರ್ಷ ಸುಳ್ಳಲ್ಲ. ಆ ಹರ್ಷವನ್ನು ಬಯಸುವವನು ಬೆಟ್ಟದ ಮೇಲೆ ಕಳೆಯುವ ಪ್ರತಿ ದಿನಕ್ಕೂ ಹಲವು ದಿನ ಓದಿ, ಕಲಿತು, ಗೆಳೆಯರೊಡನೆ ಕೂಡಿ ಹುಡುಕುವುದನ್ನು ಅಭ್ಯಾಸ ಮಾಡಬೇಕು. ಹಾಗೆ ಸಿದ್ಧನಾಗಿ ಹೋದವನು ಶಿಖರದ ಬುಡದಿಂದಲೇ ಹಿಂದಿರುಗಿ ಬಂದರೂ ಅವನ ಯಾತ್ರೆ ವ್ಯರ್ಥವಾಯಿತೆನ್ನುವಂತಿಲ್ಲ. ಮುಂದಿನ ಚಳಿಗಾಲದಲ್ಲಿ ಮತ್ತೆ ಹಿಮ ಬೀಳುತ್ತದೆ. ಅದನ್ನು ನೋಡಲು ಅವನು ಇರುತ್ತಾನೆ.