ನಿಮಗಿದು ಗೊತ್ತೆ? ಕಡಲಿನ ತೈಲ ಚದುರಿಸಲು ದ್ರವ ಲವಣ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಬಾಣಲೆಗಂಟಿದ ಕಡಲೆಕಾಯಿ ಎಣ್ಣೆಯನ್ನು ಸೋಪು ಬಿಡಿಸುವಂತೆ, ಕಡಲಿಗೆ ಚೆಲ್ಲಿದ ತೈಲವನ್ನು ಡಿಸ್ಪರ್ಸೆಂಟ್‌ಗಳೆಂಬ ರಾಸಾಯನಿಕಗಳು ಸಣ್ಣ ಹನಿಗಳಾಗಿ ಒಡೆಯುತ್ತವೆ. ಬಳಿಕ ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸುವುದು ಸುಲಭ.

• 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ಸೋರಿಕೆ ದುರಂತದಲ್ಲಿ ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಬಳಸಲಾಯಿತು. ಜಲಚರಗಳಿಗೆ ಅದೇ ವಿಷವಾದೀತೆಂಬ ಆತಂಕವೂ ಎದ್ದಿತು.

• ಪರ್ಯಾಯವಾಗಿ ಅಯಾನಿಕ ದ್ರವಗಳನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗುತ್ತಿದೆ. ಅಡುಗೆ ಉಪ್ಪು ಕಾದು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಅಯಾನಿಕ ದ್ರವಗಳು 100 ಡಿಗ್ರಿಯೊಳಗೇ ದ್ರವವಾಗುವ ಲವಣಗಳು.

• ಎಲ್ಲ ಅಯಾನಿಕ ದ್ರವಗಳೂ ಸುರಕ್ಷಿತವಲ್ಲ. ಆಹಾರದಲ್ಲೂ ಇರುವ ಕೋಲೀನ್‌ನಿಂದ ತಯಾರಿಸಿದವುಗಳ ಮೇಲೆ ಹೆಚ್ಚಿನ ಭರವಸೆಯಿದೆ.

• 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಹಡಗು ಮುಳುಗಿದಾಗ ತೈಲ ಸೋರಿಕೆಯ ಭೀತಿ ನಮ್ಮ ಕರಾವಳಿಯನ್ನೂ ಕಾಡಿತ್ತು.